ಕಲಬುರಗಿಯ ಬೇಸಿಗೆ ಮತ್ತು ಮನೆ ಎಸಿಯ ‘ಗ್ಯಾಸ್’: ಪ್ರಮಾಣ ನಿರ್ಣಯದ ಪ್ರಶ್ನೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಎಸಿಯ ಫಲಕದ ಮೇಲೆ ಬರೆದ ಸಾಮರ್ಥ್ಯವಾದರೋ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು. ಹೊರಗಿನ ಬಿಸಿ ಏರಿದಂತೆ ಸಾಮರ್ಥ್ಯ ಕುಗ್ಗುತ್ತದೆ. ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ‘ಗ್ಯಾಸ್ ಕಮ್ಮಿ ಆಗ್ಯಾದ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ.

ಗ್ಯಾಸ್ ಎಂದು ಕರೆಯುವ ಶೀತಕವು ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಕೋಣೆಯ ಬದಿ ಆವಿಯಾಗಿ, ಹೊರಗಿನ ಘಟಕದಲ್ಲಿ ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಮೊದಲು ಸರಿಯಾಗಿ ತುಂಬಿದ್ದ ಎಸಿಯಲ್ಲಿ ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಕೊಳವೆ ಜೋಡಿಸುವ ಫ್ಲೇರ್ ನಟ್ ಸುತ್ತ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡಿದ್ದರೆ ಮೊದಲ ಅನುಮಾನ ಅಲ್ಲಿಯೇ. ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತದೇ ಖರ್ಚು.

ಒತ್ತಡ ಅಳೆಯುವ ಗೇಜ್ ಒಂದನ್ನೇ ನಂಬುವುದು ಇನ್ನೂ ದೊಡ್ಡ ತೊಡಕು. ಹೊರಗಿನ ಘಟಕದಲ್ಲಿ ಶೀತಕವು ಸುತ್ತಲಿನ ಗಾಳಿಗಿಂತ ಹತ್ತು-ಹದಿನೈದು ಡಿಗ್ರಿ ಹೆಚ್ಚಿನ ಬಿಸಿಯಲ್ಲಿ ದ್ರವವಾಗಬೇಕು. ಆರ್-32 ಶೀತಕ 47 ಡಿಗ್ರಿಯಲ್ಲಿ ದ್ರವವಾಗುವಾಗ ಒತ್ತಡ ಸುಮಾರು 29 ಬಾರ್. 55 ಡಿಗ್ರಿಯಲ್ಲಾದರೆ ಸುಮಾರು 35. ಗ್ಯಾಸಿನ ತೂಕ ಬದಲಾಗದಿದ್ದರೂ ಮುಂಜಾನೆಯ ಒತ್ತಡ ಬೇರೆ, ಮಧ್ಯಾಹ್ನದ ಒತ್ತಡ ಬೇರೆ. ಇನ್ವರ್ಟರ್ ಎಸಿಯಲ್ಲಂತೂ ಕಂಪ್ರೆಸರಿನ ವೇಗವೇ ಬದಲಾಗುತ್ತಿರುವುದರಿಂದ ಗೇಜಿನ ಮುಳ್ಳು ನೋಡಿ ಅಂದಾಜಿನಲ್ಲಿ ತುಂಬುವುದನ್ನು ದುರಸ್ತಿ ಎನ್ನಲಾಗದು.

ಕೋಣೆಯ ಬದಿಯ ಕಾಯಿಲ್ ಮೇಲೆ ಹಿಮ ಕಟ್ಟುವುದೂ ಗ್ಯಾಸ್ ಕಡಿಮೆಯಾದದ್ದಕ್ಕೆ ಖಚಿತ ಪುರಾವೆಯಲ್ಲ. ಶೀತಕ ಕಡಿಮೆಯಾದಾಗ ಕಟ್ಟುವಂತೆ ಫಿಲ್ಟರ್ ಧೂಳಿನಿಂದ ಮುಚ್ಚಿದಾಗಲೂ ಕಟ್ಟುತ್ತದೆ. ಶೀತಕ ಹೆಚ್ಚಾದರೆ ಅದು ಹೊರಗಿನ ಕಾಯಿಲಿನಲ್ಲೇ ದ್ರವವಾಗಿ ನಿಂತು, ಶಾಖ ಬಿಡುವ ಜಾಗ ಕಿರಿದಾಗಿ, ಕಂಪ್ರೆಸರ್ ಎಳೆಯುವ ಕರೆಂಟ್ ಏರುತ್ತದೆ. ಕೋಣೆಯ ತಂಪು ಮಾತ್ರ ಇಳಿಯುತ್ತದೆ. ‘ಇನ್ನೊಂದಿಷ್ಟು ಹಾಕ್ರಿ’ ಎನ್ನುವ ಮನೆಯವರ ಉದಾರತೆ ಇಲ್ಲಿ ತಿರುಗುಬಾಣ.

ನಂಬಬಹುದಾದ ಕ್ರಮ ತೂಕದ್ದೇ: ಉಳಿದ ಶೀತಕವನ್ನು ಸಿಲಿಂಡರಿಗೆ ಹಿಂಪಡೆದು, ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವ ತೆಗೆದು, ಫಲಕದಲ್ಲಿ ನಮೂದಿಸಿದಷ್ಟೇ ಗ್ರಾಂ ತೂಗಿ ತುಂಬಬೇಕು. ಕೊಳವೆ ಉದ್ದವಾಗಿದ್ದರೆ ತಯಾರಕರು ಹೇಳಿದಷ್ಟು ಹೆಚ್ಚುವರಿ. ಬೇಸಿಗೆಯ ನೂಕುನುಗ್ಗಲಿನಲ್ಲಿ ಇದಕ್ಕೆ ವ್ಯವಧಾನ ಸಿಗುವುದು ಕಷ್ಟ, ನಿಜ. ಆದರೆ ಹಿಂಪಡೆಯದೆ ಶೀತಕವನ್ನು ಗಾಳಿಗೆ ಬಿಡುವುದು ಸಣ್ಣ ತಪ್ಪಲ್ಲ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-410ಎ ಶೀತಕ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಸುಮಾರು 2088 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-32ಕ್ಕೆ ಇದು 675.