ಗಾಳದ ತುದಿಯ ದಾರ: ನಾರಿನಿಂದ ಫ್ಲೋರೊಕಾರ್ಬನ್‌ವರೆಗೆ

ಗಾಳಕ್ಕೂ ಉದ್ದನೆಯ ದಾರಕ್ಕೂ ನಡುವೆ ಕಟ್ಟುವ ಮೊಳವೋ ಮಾರೋ ಉದ್ದದ ತುಂಡೇ ಲೀಡರ್. ಮೀನಿನ ಹಲ್ಲು, ಹೊಳೆಯ ಬಂಡೆ, ಮೀನಿನ ಕಣ್ಣು ಮೂರಕ್ಕೂ ಮೊದಲು ಸಿಗುವುದು ಅದು. ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂಬ ಲೆಕ್ಕದ ಮೇಲೆಯೇ ಅದರ ವಸ್ತು ಬದಲಾಗುತ್ತ ಬಂದಿದೆ.

ಕನ್ನಡ ನಾಡಿನಲ್ಲಿ ಗಾಳ ಹಾಕುವುದು ಬರೀ ಹೊಟ್ಟೆಪಾಡಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವಿದೆ. ಮುಂದೆ ಬಹುಕಾಲ ದಾರವೆಂದರೆ ಸೆಣಬು, ಇಲ್ಲವೇ ಹತ್ತಿ. ನೆನೆದಷ್ಟೂ ಹತ್ತಿಯ ಬಲ ಹೆಚ್ಚುತ್ತದೆ, ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ. ಅದಕ್ಕೇ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು. ಗಿರಣಿಗಳ ಊರಾದ ದಾವಣಗೆರೆಯ ಸುತ್ತ ನೂಲಿಗೇನೂ ಬರವಿರಲಿಲ್ಲ. ತಿಳಿನೀರಿನಲ್ಲಿ ಅದು ಎದ್ದು ಕಾಣುವುದೇ ತೊಡಕು.

ಆ ತೊಡಕಿಗೆ ಯುರೋಪಿನವರು ಕಂಡುಕೊಂಡ ಉಪಾಯ ‘ಗಟ್’. ಸ್ಪೇನಿನ ಮುರ್ಸಿಯಾದಲ್ಲಿ ರೇಷ್ಮೆಹುಳುವನ್ನು ವಿನಿಗರ್‌ನಲ್ಲಿ ನೆನೆಸಿ, ಅದರ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಎಳೆದರೆ ಮೊಳದುದ್ದದ ಪಾರದರ್ಶಕ ಎಳೆ ಸಿಗುತ್ತಿತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿದಾಗ ನಡೆಯುತ್ತಿದ್ದುದು ಈ ಗಟ್ಟಿನ ಕಾಲ. ಬಳಸುವ ಮುನ್ನ ನೆನೆಸದಿದ್ದರೆ ಅದು ಗಂಟಿನಲ್ಲೇ ಪಟ್ಟನೆ ಮುರಿಯುತ್ತಿತ್ತು.

1935ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋಥರ್ಸ್ ತಂಡ ತಯಾರಿಸಿದ ನೈಲಾನ್ ಇದನ್ನೆಲ್ಲ ಮೂಲೆಗೆ ಸರಿಸಿತು. ಕೊಳೆಯದು, ಹಿಗ್ಗಿ ಜಗ್ಗನ್ನು ತಾಳುತ್ತದೆ, ಅಗ್ಗ. ಬಿಸಿಲು ಮಾತ್ರ ಅದರ ಶತ್ರು. ಇಲ್ಲಿ ಒಂದು ಮಾತು: ತುಂಗಭದ್ರೆಯ ತೀರದ ಹರಿಹರಕ್ಕೆ ಎದುರು ದಡದ ಕುಮಾರಪಟ್ಟಣದಲ್ಲೇ ನಾರಿನ ದೊಡ್ಡ ಕಾರ್ಖಾನೆಯಿದೆ. ಆದರೆ ಅಲ್ಲಿಯದು ಮರದ ತಿರುಳಿನ ವಿಸ್ಕೋಸ್. ನೆನೆದರೆ ಸುಮಾರು ಅರ್ಧ ಬಲ ಕಳೆದುಕೊಳ್ಳುವ ಆ ನಾರು ಬಟ್ಟೆಗೆ ಸೈ, ಗಾಳಕ್ಕಲ್ಲ.

1970ರ ದಶಕದ ಆರಂಭದಲ್ಲಿ ಜಪಾನಿನ ಕುರೇಹಾ ಕಂಪನಿ ಫ್ಲೋರೊಕಾರ್ಬನ್ ದಾರವನ್ನು ಮಾರುಕಟ್ಟೆಗೆ ತಂದಿತು. ನೀರಿನ ವಕ್ರೀಭವನ ಸೂಚ್ಯಂಕ 1.33, ನೈಲಾನಿನದು ಸುಮಾರು 1.53, ಫ್ಲೋರೊಕಾರ್ಬನ್ನಿನದು 1.42. ನೀರಿಗೆ ಹತ್ತಿರವಾದ್ದರಿಂದ ಅದು ಕಣ್ಣಿಗೆ ಕಡಿಮೆ ಬೀಳುತ್ತದೆ. ತೂಕ ಹೆಚ್ಚು, ಬೇಗ ಮುಳುಗುತ್ತದೆ, ನೀರು ಹೀರುವುದಿಲ್ಲ. 1990ರ ನಂತರ ಡೈನೀಮಾದಂಥ ನಾರಿನಿಂದ ಹೆಣೆದ ದಾರಗಳು ಬಂದವು. ಎಳೆತಕ್ಕೆ ಅವು ಎತ್ತಿದ ಕೈ, ಆದರೆ ಕಲ್ಲಿಗೆ ಉಜ್ಜಿದರೆ ಬಲುಬೇಗ ಹರಿಯುತ್ತವೆ. ಹೀಗಾಗಿ ಲೀಡರ್ ಬೇಕೇ ಬೇಕು ಎನ್ನುವಂತಾಯಿತು.

ತುಂಗಭದ್ರೆಯ ಮಟ್ಟಿಗೆ ಫ್ಲೋರೊಕಾರ್ಬನ್ನಿನ ಅದೃಶ್ಯತೆಯ ಜಾಹೀರಾತು ಅರ್ಧ ವರ್ಷಕ್ಕಷ್ಟೇ ಸಲ್ಲುತ್ತದೆ. ಮುಂಗಾರಿನಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಯಾವ ದಾರವೂ ಮೀನಿಗೆ ಕಾಣದು. ಆಗ ನೋಡಬೇಕಾದದ್ದು ಸವೆತ: ಬಂಡೆಯ ಪಾತ್ರದಲ್ಲಿ 0.40 ರಿಂದ 0.50 ಮಿ.ಮೀ. ದಪ್ಪದ ಮಾಮೂಲಿ ನೈಲಾನ್ ದುಬಾರಿ ತೆಳು ದಾರಕ್ಕಿಂತ ಮೇಲು. ಚಳಿಗಾಲಕ್ಕೆ ನೀರು ತಿಳಿಯಾದ ಮೇಲೆ ಫ್ಲೋರೊಕಾರ್ಬನ್ನಿಗೆ ಕೊಟ್ಟ ಹಣ ಸಾರ್ಥಕ. ಬಾಳೆಮೀನಿನ ದವಡೆಯಲ್ಲಿ ಅರದಂತೆ ಸಾಲುಗಟ್ಟಿದ ಸಣ್ಣ ಹಲ್ಲುಗಳಿರುತ್ತವೆ. ಅದಕ್ಕೆ ನೈಲಾನ್ ಹೊದಿಸಿದ ಉಕ್ಕಿನ ತಂತಿಯ ಗೇಣುದ್ದ ತುಂಡು ಸಾಕು. ಮಹಸೀರ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಅದು ದಾರವನ್ನು ಕತ್ತರಿಸುವುದಕ್ಕಿಂತ ಗಾಳವನ್ನೇ ಜಜ್ಜುವುದು ಹೆಚ್ಚು, ತಂತಿಯಿಂದ ಲಾಭವಿಲ್ಲ. ಶಾಂತಿಸಾಗರದಂಥ ಕೆರೆಗಳ ರೋಹು, ಕಾಟ್ಲಾ ಹಲ್ಲಿಲ್ಲದ ಬಾಯಿಯವು, 0.25 ರಿಂದ 0.30 ಮಿ.ಮೀ. ನೈಲಾನ್ ಅವಕ್ಕೆ ಹೊಂದುತ್ತದೆ, ಜೊಂಡಿದ್ದಲ್ಲಿ ಒಂದು ಮಟ್ಟ ದಪ್ಪ.

ಫ್ಲೋರೊಕಾರ್ಬನ್ ಬಿರುಸು, ಒಣದಾರದ ಗಂಟನ್ನು ಜಗ್ಗಿ ಬಿಗಿದರೆ ಉಜ್ಜಿದ ಬಿಸಿಗೇ ಅದು ಸೊರಗುತ್ತದೆ. ಎಂಜಲು ಹಚ್ಚಿ ನಿಧಾನಕ್ಕೆ ಎಳೆಯುವುದು ವಾಡಿಕೆ. ಪ್ರತಿ ಮೀನಿನ ನಂತರ ಗಾಳದಿಂದ ಎರಡು ಗೇಣಿನವರೆಗೆ ಉಗುರಾಡಿಸಿದಾಗ ಒರಟು ತಗುಲಿದರೆ, ಅಷ್ಟನ್ನು ಕತ್ತರಿಸಿ ಗಾಳವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.