ಊರಿಗಾಗಿ ಕೋಚ್ ಹುದ್ದೆ ಬಿಟ್ಟ ಓಸಿಮ್

ಈಗ ಭೂಪಟದಲ್ಲಿ ಹುಡುಕಿದರೆ ಯುಗೋಸ್ಲಾವಿಯಾ ಎಂಬ ದೇಶ ಸಿಗುವುದಿಲ್ಲ. 1991ರಿಂದ ಒಡೆಯುತ್ತಾ ಹೋಗಿ ಅದು ಹಲವು ದೇಶಗಳಾಯಿತು. ಅವುಗಳಲ್ಲಿ ಒಂದು ಬೋಸ್ನಿಯಾ. ಅದರ ರಾಜಧಾನಿ ಸರಾಯೆವೊ. ಆ ಊರಿನ ಇವಿತ್ಸಾ ಓಸಿಮ್ ಎಂಬ ಫುಟ್‌ಬಾಲ್ ಕೋಚ್‌ನ ಕಥೆಯನ್ನು ಇವತ್ತು ನಿಮಗೆ ಹೇಳುತ್ತೇವೆ.

ಓಸಿಮ್ ಹುಟ್ಟಿದ್ದು 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಆಡಲು ಶುರು ಮಾಡಿದ್ದು ಝೆಲೆಜ್ನಿಚಾರ್ ಕ್ಲಬ್‌ನಲ್ಲಿ. ಆ ಹೆಸರಿನ ಅರ್ಥವೇ ರೈಲ್ವೆ ಕೆಲಸಗಾರ. 1921ರಲ್ಲಿ ರೈಲ್ವೆ ಕಾರ್ಮಿಕರೇ ಕಟ್ಟಿದ ಕ್ಲಬ್ ಅದು. ಎತ್ತರದ ಆಳು, ಚೆಂಡು ಕಾಲಿಗೆ ಅಂಟಿಕೊಂಡಂತೆ ಆಟ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಹೋದರು. 1968ರ ಯುರೋಪ್ ಕಪ್‌ನಲ್ಲಿ ಯುಗೋಸ್ಲಾವಿಯಾ ಫೈನಲ್ ತಲುಪಿದಾಗಲೂ ತಂಡದಲ್ಲಿದ್ದರು. ಆಮೇಲೆ ಫ್ರಾನ್ಸ್‌ನಲ್ಲಿ ಕೆಲವು ವರ್ಷ ಆಡಿ, 1978ರಲ್ಲಿ ತಮ್ಮ ಹಳೇ ಕ್ಲಬ್‌ಗೇ ಕೋಚ್ ಆಗಿ ಮರಳಿದರು. 1985ರಲ್ಲಿ ಆ ಕ್ಲಬ್ಬನ್ನು ಯುಇಎಫ್‌ಎ ಕಪ್ ಸೆಮಿಫೈನಲ್‌ವರೆಗೂ ಕರೆದೊಯ್ದರು.

1986ರಲ್ಲಿ ರಾಷ್ಟ್ರೀಯ ತಂಡ ಅವರ ಕೈಗೆ ಬಂತು. ಸರ್ಬರು, ಕ್ರೊಯೇಷಿಯನ್ನರು, ಬೋಸ್ನಿಯಾದ ಮುಸ್ಲಿಮರು, ಸ್ಲೊವೇನಿಯಾದವರು, ಮ್ಯಾಸಿಡೋನಿಯಾದವರು ಎಲ್ಲರೂ ಒಂದೇ ತಂಡದಲ್ಲಿ ಆಡಬೇಕು. ಹೊರಗೆ ನಾಯಕರು ಜನರನ್ನು ಒಡೆಯುತ್ತಿದ್ದರೆ, ಒಳಗೆ ಓಸಿಮ್ ತಂಡ ಕಟ್ಟುತ್ತಿದ್ದರು. 1990ರ ವಿಶ್ವಕಪ್‌ನಲ್ಲಿ ಸ್ಪೇನನ್ನು ಸೋಲಿಸಿ ಕ್ವಾರ್ಟರ್ ಫೈನಲ್‌ಗೆ ಬಂದರು. ಅಲ್ಲಿ ಎದುರಾದದ್ದು ಮರಡೋನಾ ಅವರ ಅರ್ಜೆಂಟೀನಾ. ಅರ್ಧ ಗಂಟೆಗೇ ಒಬ್ಬ ಆಟಗಾರ ರೆಡ್ ಕಾರ್ಡ್ ಪಡೆದು ಹೊರಹೋದ. ಹತ್ತೇ ಜನ ಉಳಿದರೂ ಕೊನೆಯವರೆಗೂ ಒಂದು ಗೋಲು ಬಿಟ್ಟುಕೊಡಲಿಲ್ಲ. ಪೆನಾಲ್ಟಿಯಲ್ಲಿ 3-2ರಿಂದ ಸೋತರು. ಇಡೀ ಯುಗೋಸ್ಲಾವಿಯಾದ ಹೆಸರಿನಲ್ಲಿ ಆಡಿದ ಕೊನೆಯ ವಿಶ್ವಕಪ್ ಪಂದ್ಯ ಅದೇ ಆಯಿತು.

ತಂಡ 1992ರ ಯುರೋಪ್ ಕಪ್‌ಗೂ ಅರ್ಹತೆ ಪಡೆಯಿತು. ಅಷ್ಟರಲ್ಲಿ ಯುದ್ಧ ಬೋಸ್ನಿಯಾಕ್ಕೆ ಬಂದಿತ್ತು. ಏಪ್ರಿಲ್‌ನಲ್ಲಿ ಸರಾಯೆವೊ ಸುತ್ತಲಿನ ಗುಡ್ಡಗಳನ್ನು ಸರ್ಬ್ ಪಡೆಗಳು ಹಿಡಿದು ಊರಿನ ಮೇಲೆ ಶೆಲ್ ಸುರಿಸತೊಡಗಿದವು. ಓಸಿಮ್ ಇದ್ದದ್ದು ಬೆಲ್‌ಗ್ರೇಡ್‌ನಲ್ಲಿ. ಹೆಂಡತಿ, ಮಗಳು ಸರಾಯೆವೊದಲ್ಲಿ ಸಿಕ್ಕಿಬಿದ್ದಿದ್ದರು.

1992ರ ಮೇ 23ರಂದು ಓಸಿಮ್ ಪತ್ರಕರ್ತರ ಮುಂದೆ ಕೂತು ರಾಜೀನಾಮೆ ಘೋಷಿಸಿದರು. ಕಣ್ಣಲ್ಲಿ ನೀರು. ತನ್ನ ಊರಿಗಾಗಿ ತಾನು ಮಾಡಬಹುದಾದದ್ದು ಇದೊಂದೇ, ತಾನು ಸರಾಯೆವೊದವನು ಎಂಬುದನ್ನು ಮರೆಯಬೇಡಿ ಎಂಬರ್ಥದ ಮಾತು ಹೇಳಿ ಎದ್ದು ಹೋದರು. ಒಂದು ವಾರದಲ್ಲಿ ವಿಶ್ವಸಂಸ್ಥೆಯ ನಿರ್ಬಂಧ ಬಂತು, ಯುಗೋಸ್ಲಾವಿಯಾ ಟೂರ್ನಿಯಿಂದ ಹೊರಬಿತ್ತು. ಅದರ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು.

ಸರಾಯೆವೊದ ಮುತ್ತಿಗೆ 1,425 ದಿನ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಓಸಿಮ್ ಆಡಿ ಬೆಳೆದ ಗ್ರಬಾವಿತ್ಸಾ ಮೈದಾನವೇ ಯುದ್ಧದ ಗಡಿಯಾಯಿತು. ಹೆಂಡತಿ, ಮಗಳನ್ನು ಮತ್ತೆ ನೋಡಲು ಅವರು ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

1994ರಲ್ಲಿ ಆಸ್ಟ್ರಿಯಾದ ಸ್ಟುರ್ಮ್ ಗ್ರಾಝ್ ಕ್ಲಬ್ ಸೇರಿದರು. 1998ರಲ್ಲಿ ಆ ಕ್ಲಬ್‌ಗೆ ಮೊಟ್ಟಮೊದಲ ಲೀಗ್ ಪ್ರಶಸ್ತಿ ತಂದುಕೊಟ್ಟರು, ಮರುವರ್ಷ ಇನ್ನೊಂದು. ನಂತರ ಜಪಾನ್‌ಗೆ ಹೋಗಿ 2006ರಲ್ಲಿ ಅಲ್ಲಿನ ರಾಷ್ಟ್ರೀಯ ತಂಡದ ಕೋಚ್ ಆದರು. 2007ರಲ್ಲಿ ಪಾರ್ಶ್ವವಾಯು ಹೊಡೆಯಿತು, ಕೋಚ್ ಕೆಲಸ ಅಲ್ಲಿಗೆ ನಿಂತಿತು.

ಆದರೂ ಊರು ಮತ್ತೊಮ್ಮೆ ಕರೆಯಿತು. ಬೋಸ್ನಿಯಾದ ಫುಟ್‌ಬಾಲ್ ಸಂಸ್ಥೆಗೆ ಮೂರು ಸಮುದಾಯಕ್ಕೆ ಒಬ್ಬೊಬ್ಬರಂತೆ ಮೂವರು ಅಧ್ಯಕ್ಷರಿದ್ದರು. ಅದನ್ನು ಒಪ್ಪದ ಫಿಫಾ 2011ರಲ್ಲಿ ಬೋಸ್ನಿಯಾವನ್ನು ಅಮಾನತು ಮಾಡಿತು. ಸರಿಪಡಿಸುವ ಸಮಿತಿಯ ಮುಖ್ಯಸ್ಥರಾಗಿ ಬಂದವರು ಓಸಿಮ್. ಕಾಯಿಲೆಯ ಮೈಯಲ್ಲೇ ಮೂರೂ ಕಡೆಯವರನ್ನು ಮಾತಾಡಿಸಿ, ಒಬ್ಬರೇ ಅಧ್ಯಕ್ಷ ಎಂಬ ನಿಯಮಕ್ಕೆ ಒಪ್ಪಿಸಿದರು. ಅಮಾನತು ತೆರವಾಯಿತು. 2014ರಲ್ಲಿ ಬೋಸ್ನಿಯಾ ಮೊದಲ ಬಾರಿ ವಿಶ್ವಕಪ್ ಆಡಿತು.

ಓಸಿಮ್ ರಾಜೀನಾಮೆಯಿಂದ ಒಂದು ಶೆಲ್ ಕೂಡ ನಿಲ್ಲಲಿಲ್ಲ, ನಿಜ. ಆದರೆ ಏನೂ ಆಗಿಲ್ಲ ಎಂಬಂತೆ ತಂಡ ನಡೆಸಿಕೊಂಡು ಹೋಗಲು ಅವರು ಒಪ್ಪಲಿಲ್ಲ. ಅವರ ಗೆಲುವುಗಳ ಪಟ್ಟಿಗಿಂತ ಇದನ್ನೇ ಜನ ಹೆಚ್ಚು ನೆನೆಯುತ್ತಾರೆ ಎಂಬುದು ನಮಗೆ ದೊಡ್ಡದಾಗಿ ಕಾಣುತ್ತದೆ.

2022ರ ಮೇ 1ರಂದು ಗ್ರಾಝ್‌ನಲ್ಲಿ ಓಸಿಮ್ ತೀರಿಕೊಂಡರು. ಮಣ್ಣಾದದ್ದು ಸರಾಯೆವೊದಲ್ಲೇ.