ದೊಡ್ಡರೋಗವೂ ಸೂಜಿ ಹಿಡಿದ ಕೈಯೂ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವ ನಾವೆಲ್ಲ ಒಂದು ವಾಕ್ಯವನ್ನು ವರ್ಷವರ್ಷವೂ ಹೇಳಿ ಮುಂದಕ್ಕೆ ಹೋಗುತ್ತೇವೆ: ಚಾಲುಕ್ಯ ವಂಶದ ಕೀರ್ತಿವರ್ಮನು ಸುಮಾರು 1125ರಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ಬರೆದನು. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬಂದರೂ ಬರಬಹುದು. ಹದಿನೈದು ವರ್ಷ ಹೀಗೆ ಹೇಳಿಕೊಂಡು ಬಂದ ನಾನು ಆ ವಾಕ್ಯದ ಮುಂದೆ ನಿಂತು ಯೋಚಿಸಿದ್ದು 2022ರಲ್ಲಿ, ಊರಿನಲ್ಲಿ ಅಣ್ಣನ ಕೊಟ್ಟಿಗೆಯಲ್ಲಿ ಒಂದು ಹೋರಿಕರು ಸತ್ತಾಗ.

ಚರ್ಮಗಂಟು ರೋಗವು ಊರಿಂದೂರಿಗೆ ಹಬ್ಬುತ್ತಿದ್ದ ವರ್ಷ ಅದು. ದನದ ಆಸ್ಪತ್ರೆ ಹತ್ತು ಕಿಲೋಮೀಟರು ದೂರ. ಡಾಕ್ಟರು ಒಬ್ಬರು, ಅವರು ನೋಡಬೇಕಾದ ಊರುಗಳು ಹತ್ತಾರು. ಲಸಿಕೆ ಯಾವಾಗ ಬರುತ್ತದೆಂದು ಕೇಳಿದರೆ, ಸರದಿಯಂತೆ ಬರುತ್ತದೆ ಎಂಬ ಉತ್ತರ. ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬಾತ ಬಂದ. ರಾಸಿಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಬೀದಿಯ ದನಗಳಿಗೆಲ್ಲ ಚುಚ್ಚಿಹೋದ. ಚೀಲದಲ್ಲಿ ಮಂಜುಗಡ್ಡೆ ಇರಲಿಲ್ಲ. ಸೀಸೆಯ ಮೇಲಿನ ಹೆಸರನ್ನು ಯಾರೂ ಓದಲಿಲ್ಲ. ಕೆಲವು ದಿನಗಳಲ್ಲೇ ಕರುವಿನ ಮೈಮೇಲೆಲ್ಲ ಗಂಟು. ಅಣ್ಣ ಅದರ ಫೋಟೋ ತೆಗೆದು ಡಾಕ್ಟರಿಗೆ ಕಳುಹಿಸಿದ. ಅವರು ಫೋನಿನಲ್ಲಿಯೇ ನೋಡಿ, ಬೇರೆ ಕಟ್ಟಿ, ನೊಣ ಕೂರದಂತೆ ನೋಡಿಕೊಳ್ಳಿ, ಇಂಥ ಔಷಧ ಕೊಡಿ ಎಂದರು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಕರು ಮಾತ್ರ ಉಳಿಯಲಿಲ್ಲ. ಚೀಲದವನನ್ನು ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಅತ್ತಿಗೆ ಹೇಳಿದರು: “ಅವನನ್ನ ಬೈದು ಏನು ಬಂತು ಮೇಷ್ಟ್ರೇ? ಬಂದೋನು ಅವನೊಬ್ಬನೇ ಅಲ್ವಾ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವೈದ್ಯನು ದೂರ, ರೋಗವು ಹತ್ತಿರ. ಆಗ ಸೂಜಿ ಯಾರ ಕೈಯಲ್ಲಿರಬೇಕು? ಇದು ಇಂದಿನ ಪ್ರಶ್ನೆಯೆಂದು ತಿಳಿದಿದ್ದೆ. ಹಳೆಯ ಸಂಗತಿಗಳನ್ನು ಓದುತ್ತ ಹೋದಂತೆ, ನಮ್ಮ ದೇಶದಲ್ಲಿ ಇದಕ್ಕೆ ನೂರೈವತ್ತು ವರ್ಷಗಳ ಇತಿಹಾಸವಿದೆಯೆಂದು ತಿಳಿದುಬಂತು. ಆ ಇತಿಹಾಸದ ನಾಯಕ, ಅಥವಾ ಖಳನಾಯಕ, ದೊಡ್ಡರೋಗ.

ಇಂದಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ನಮ್ಮ ತಾತನ ಬಾಯಲ್ಲಿ ಅದು ಮಾರಿಯ ಇನ್ನೊಂದು ಹೆಸರಾಗಿತ್ತು. ಮೊದಲು ಜ್ವರ, ಕಣ್ಣಲ್ಲಿ ನೀರು, ಬಾಯೊಳಗೆ ಹುಣ್ಣು; ಆಮೇಲೆ ರಕ್ತಭೇದಿ; ವಾರ ಹತ್ತು ದಿನದೊಳಗೆ ಸಾವು. ಒಂದು ಕೊಟ್ಟಿಗೆಗೆ ಬಂದರೆ ಸಾಲುಕೊಟ್ಟಿಗೆಗಳು ಬರಿದು. ಉಳುವ ಜೋಡಿ ಹೋದ ಮೇಲೆ ಹೊಲ ಬೀಳು, ಹೊಲ ಬೀಳಾದ ಮೇಲೆ ಸಾಲ. ಊರಿನವರು ಮಾರಿಗೆ ಪೂಜೆ ಮಾಡಿ, ಮೆರವಣಿಗೆಯಲ್ಲಿ ಒಯ್ದು, ಊರ ಗಡಿಯಾಚೆ ಬಿಟ್ಟು ಬರುತ್ತಿದ್ದರು. ಆಚೆ ಊರಿನವರು ತಮ್ಮ ಗಡಿಯಿಂದ ಇನ್ನೂ ಆಚೆಗೆ. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ಆದರೆ ಈ ರೋಗವು ಗಡಿಯಿಂದ ಗಡಿಗೆ ನಡೆದುಕೊಂಡು ಬರುತ್ತದೆಂಬುದನ್ನು ಅವರು ಸರ್ಕಾರಕ್ಕಿಂತ ಮೊದಲೇ ಕಂಡುಕೊಂಡಿದ್ದರು.

ಸರ್ಕಾರವೂ ಸುಮ್ಮನಿರಲಿಲ್ಲ. ಮದರಾಸು ಪ್ರಾಂತ್ಯದಲ್ಲಿ 1866ರಲ್ಲಿಯೇ ದನಗಳ ರೋಗದ ಮೇಲೆ ಒಂದು ಕಾಯಿದೆ ಬಂತು. ಇಡೀ ಭಾರತದ ಜಾನುವಾರು ಪಿಡುಗುಗಳನ್ನು ವಿಚಾರಿಸಲು ನೇಮಕವಾದ ಆಯೋಗವು 1871ರಲ್ಲಿ ವರದಿ ಕೊಟ್ಟಿತು. ಅದಕ್ಕೆ ಕೆಲವೇ ವರ್ಷ ಮೊದಲು, 1865ರಲ್ಲಿ, ಇಂಗ್ಲೆಂಡಿಗೆ ಈ ರೋಗ ಹೊಕ್ಕಾಗ, ಸೋಂಕಿದ ದನಗಳನ್ನು ಕೊಂದು ಹೂಳಿ ಅದನ್ನು ಅಡಗಿಸಿದ್ದರು. ಆ ಉಪಾಯ ಈ ದೇಶದಲ್ಲಿ ನಡೆಯತಕ್ಕದ್ದಲ್ಲ. ಉಳಿದದ್ದು ರೋಗದ ದನವನ್ನು ಬೇರೆಮಾಡುವುದೊಂದೇ. ಕಾಯಿದೆ ಬರೆದದ್ದಾಯಿತು, ಕೊಟ್ಟಿಗೆಯ ಬಾಗಿಲಲ್ಲಿ ಅದನ್ನು ನಡೆಸುವವರು ಯಾರು? ಪಶುವೈದ್ಯರು ಬೆರಳೆಣಿಕೆಯಷ್ಟು. ದನವಿಲ್ಲದ ಊರಿಲ್ಲ, ವೈದ್ಯನಿದ್ದ ಊರೇ ಅಪರೂಪ.

1889ರಲ್ಲಿ ಪುಣೆಯಲ್ಲಿ ಸೂಕ್ಷ್ಮಜೀವಿಗಳ ಪ್ರಯೋಗಶಾಲೆಯೊಂದು ಆರಂಭವಾಯಿತು. 1893ರಲ್ಲಿ ಅದನ್ನು ಕುಮಾವೂನಿನ ಬೆಟ್ಟಗಳಲ್ಲಿ, ಸುಮಾರು 7500 ಅಡಿ ಎತ್ತರದ ಮುಕ್ತೇಶ್ವರಕ್ಕೆ ಸಾಗಿಸಿದರು. ಜರ್ಮನಿಯ ರಾಬರ್ಟ್ ಕಾಕ್ ಆಫ್ರಿಕದ ಕಿಂಬರ್ಲಿಯಲ್ಲಿ ಇದೇ ರೋಗದ ಮೇಲೆ ಕೆಲಸಮಾಡಿ, ಸತ್ತ ದನದ ಪಿತ್ತರಸವನ್ನು ಚುಚ್ಚಿ ರಕ್ಷಣೆ ಕೊಡುವ ಕ್ರಮವನ್ನು ಹೇಳಿ, 1897ರಲ್ಲಿ ಭಾರತಕ್ಕೆ ಬಂದಾಗ ಮುಕ್ತೇಶ್ವರಕ್ಕೂ ಹೋಗಿದ್ದರು. ಆಮೇಲೆ ಬಂದದ್ದು ಸೀರಂ. ರೋಗವನ್ನು ಗೆದ್ದ ದನದ ರಕ್ತದಿಂದ ತೆಗೆದ ಈ ದ್ರವ ಕೆಲವೇ ದಿನ ಕಾಯುತ್ತಿತ್ತು. ಬಹುಕಾಲದ ರಕ್ಷಣೆ ಬೇಕಾದರೆ ಸೀರಮ್ಮಿನ ಜೊತೆಗೆ ರೋಗದ ರಕ್ತವನ್ನೂ ಚುಚ್ಚಬೇಕು. ಅಳತೆ ತಪ್ಪಿದರೆ ರೋಗವನ್ನೇ ಕೊಟ್ಟಂತೆ. ಇಂಥ ಮದ್ದನ್ನು ಕಂಡಕಂಡವರ ಕೈಗೆ ಕೊಡಲಾಗದೆಂಬ ನಿಯಮ ಆಗ ನ್ಯಾಯವೇ ಆಗಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಅದು ಬೇರೆ ಹೆಸರಿನಿಂದ ಅಲ್ಲಿಯೇ ಇದೆ.

ಮುಂದಿನ ಹೆಜ್ಜೆ ಬಹುಮಟ್ಟಿಗೆ ಆಕಸ್ಮಿಕ. ಮುಕ್ತೇಶ್ವರದ ಜೆ. ಟಿ. ಎಡ್ವರ್ಡ್ಸ್ ಎಂಬವರಿಗೆ ಒಂದು ತೊಡಕಿತ್ತು: ದನದ ರಕ್ತದೊಂದಿಗೆ ಬೇರೆ ಬೇರೆ ಪರೋಪಜೀವಿಗಳೂ ಸೇರಿಬರುತ್ತಿದ್ದವು. ಅವನ್ನು ನೀಗಲೆಂದು ಅವರು ರೋಗವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋದರು. ನೂರಾರು ಸಲ ದಾಟಿಸುವಷ್ಟರಲ್ಲಿ ರೋಗವು ದನದ ಮಟ್ಟಿಗೆ ಹಲ್ಲು ಕಿತ್ತ ಹಾವಾಗಿತ್ತು. 1920ರ ದಶಕದ ಕೊನೆಯಲ್ಲಿ ಹೀಗೆ ಆಡಿನ ಲಸಿಕೆ ಹುಟ್ಟಿತು. ಒಂದೇ ಚುಚ್ಚು; ರಕ್ಷಣೆ ವರ್ಷಗಟ್ಟಲೆ. ಬೆಟ್ಟದ ದನಗಳಿಗೂ ಸೀಮೆ ತಳಿಯವಕ್ಕೂ ಅದು ಕೊಂಚ ಉಗ್ರವೇ ಆಗುತ್ತಿತ್ತು. ಜ್ವರ ಬಂದು ಹಾಲು ಇಳಿಯುವುದೂ ಉಂಟು. ಸೂಜಿಯವನು ಬಂದನೆಂದರೆ ಹಸುವನ್ನು ಹಿತ್ತಲ ಬಾಗಿಲಿನಿಂದ ತೋಟಕ್ಕೆ ಹೊಡೆಯುವ ಹೆಂಗಸರ ಮೇಲೆ ನನಗೆ ಕೋಪವಿಲ್ಲ. ಆ ವಾರದ ಮೊಸರು ಮಾರಿ ಬರುವ ದುಡ್ಡಿನ ಲೆಕ್ಕ ಅವರದು.

1954ರಲ್ಲಿ ದೇಶದ ದೊಡ್ಡರೋಗ ನಿರ್ಮೂಲನ ಕಾರ್ಯ ಆರಂಭವಾಯಿತು. ನೂರಕ್ಕೆ 80 ದನಗಳಿಗೆ ಲಸಿಕೆ ಹಾಕಿದರೆ ರೋಗಕ್ಕೆ ನೆಲೆಯಿಲ್ಲದಾಗುವುದೆಂಬುದು ಲೆಕ್ಕ. ಇಲ್ಲಿಯೇ ಹಳೆಯ ಪ್ರಶ್ನೆ ಹೊಸದಾಗಿ ಎದ್ದುಬಂತು. ಕೋಟಿಗಟ್ಟಲೆ ದನಗಳಿಗೆ ಪದವೀಧರ ವೈದ್ಯರೇ ಸೂಜಿ ಹಾಕಬೇಕೆಂದರೆ ಎಷ್ಟು ತಲೆಮಾರು ಬೇಕು? ಕೆಲವು ತಿಂಗಳ ತರಬೇತಿ ಪಡೆದ ಕೆಳಹಂತದ ನೌಕರರು ಮಂಜುಗಡ್ಡೆಯ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದರು. ಅವರ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ. ವರದಿಗಳಲ್ಲಿ ಸಹಿ ಡಾಕ್ಟರದು, ದಾರಿಯ ದೂಳು ಇವರದು.

ರೋಗ ಇಳಿಯಿತು, ಹೋಗಲಿಲ್ಲ. ಮೂವತ್ತೈದು ವರ್ಷ ಅದು ಅಲ್ಲಲ್ಲಿ ಹೊಗೆಯಾಡುತ್ತಲೇ ಇತ್ತು. ಉಳಿದ 20 ಎಂಬುದು ದೇಶದಲ್ಲೆಲ್ಲ ಸಮನಾಗಿ ಹರಡಿದ್ದ 20 ಅಲ್ಲ. ರಸ್ತೆಯಂಚಿನ ಊರಿನ ದನಕ್ಕೆ ಮೂರು ಸಲ ಲಸಿಕೆ ಬಿದ್ದಿರುತ್ತಿತ್ತು. ಕಾವಲಿನಲ್ಲಿ, ಕಾಡಂಚಿನಲ್ಲಿ, ಮೇವು ಹುಡುಕಿ ತಿರುಗುವ ಮಂದೆಗೆ ಒಂದು ಸಲವೂ ಬಿದ್ದಿರುತ್ತಿರಲಿಲ್ಲ. ಶೇಕಡಾ ಲೆಕ್ಕವು ಪುಸ್ತಕದಲ್ಲಿ ತುಂಬಿತು. ರೋಗವು ಪುಸ್ತಕ ಮುಟ್ಟದ ಕಡೆ ವಾಸಮಾಡಿತು.

ಈ ನಡುವೆ 1984ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆ ಬಂತು. ನೋಂದಣಿಯಾದ ಪಶುವೈದ್ಯನ ಹೊರತು ಬೇರೆಯವರು ವೃತ್ತಿ ನಡೆಸಬಾರದೆಂಬುದು ಅದರ 30ನೆಯ ಕಲಮಿನ ಸಾರ. ಅದೇ ಕಲಮಿನಲ್ಲಿ ಒಂದು ಕಿಂಡಿಯನ್ನೂ ಇಟ್ಟರು: ರಾಜ್ಯ ಸರ್ಕಾರವು ಒಪ್ಪಿದರೆ, ಡಿಪ್ಲೊಮಾ ಅಥವಾ ಪ್ರಮಾಣಪತ್ರವುಳ್ಳವರು ನೋಂದಾಯಿತ ವೈದ್ಯನ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಸಲ್ಲಿಸಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯ ಕಟ್ಟುವುದು ಇವು ಆ ಸೇವೆಗಳು. ನನಗೆ ಈ ಕಿಂಡಿ ಬಹಳ ಕುತೂಹಲದ್ದಾಗಿ ಕಂಡಿತು. ಮೇಲ್ವಿಚಾರಣೆ ಎಂದರೇನು? ಪಕ್ಕದಲ್ಲಿ ನಿಂತಿರಬೇಕೆ? ಹತ್ತು ಕಿಲೋಮೀಟರು ದೂರದ ಕುರ್ಚಿಯಲ್ಲಿದ್ದರೆ ಸಾಕೆ? ಫೋನಿನ ತುದಿಯಲ್ಲಿದ್ದರೆ? ಕೈಯಲ್ಲಿ ಹಿಡಿದು ತಿರುಗುವ ಫೋನಿನ ಕಾಲಕ್ಕೆ ಮುಂಚಿನ ಕಾಯಿದೆ ಇದು. ಅದನ್ನು ಬರೆದವರಿಗೆ ಕೊಟ್ಟಿಗೆಯಿಂದಲೇ ಕರುವಿನ ಫೋಟೋ ಹೋಗುವ ದಿನ ಕಾಣದಿದ್ದರೆ ಅದು ಅವರ ತಪ್ಪಲ್ಲ.

ಈ ಪ್ರಶ್ನೆಯನ್ನು ಅತಿ ಕಠಿಣವಾಗಿ ಎದುರಿಸಿದವರು ಆಫ್ರಿಕದವರು. ದೊಡ್ಡರೋಗವು ಅಲ್ಲಿಯೂ ಇತ್ತಷ್ಟೆ. ಕೆನ್ಯದಲ್ಲಿ ವಾಲ್ಟರ್ ಪ್ಲೋರೈಟ್ 1960ರ ಸುಮಾರಿಗೆ ಎಲ್ಲ ತಳಿಗೂ ಸೌಮ್ಯವಾದ ಹೊಸ ಲಸಿಕೆಯನ್ನು ಸಿದ್ಧಪಡಿಸಿದರು. ಆದರೆ ತಂಪು ತಪ್ಪಿದರೆ ಅದು ಕೆಡುತ್ತಿತ್ತು. ಇಥಿಯೋಪಿಯದ ಅಫಾರ್ ಸೀಮೆಯಂಥ ಬೆಂಗಾಡಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಜೆಫ್ರಿ ಮ್ಯಾರಿನರ್ ಎಂಬವರು ತಂಪಿಲ್ಲದೆಯೂ ಸುಮಾರು ಒಂದು ತಿಂಗಳು ಬಾಳುವ ರೂಪಕ್ಕೆ ಅದನ್ನು ತಂದರು. ಆಮೇಲೆ, 1990ರ ದಶಕದಲ್ಲಿ, ದನಗಾಹಿಗಳೇ ತಮ್ಮವರಲ್ಲಿ ಕೆಲವರನ್ನು ಆರಿಸಿಕೊಟ್ಟರು. ಅವರಿಗೆ ಕೆಲವು ವಾರ ಕಲಿಸಿ ಸೂಜಿಯನ್ನು ಕೈಗೆ ಕೊಟ್ಟರು. ಓದು ಬರಹ ಬಾರದವರೂ ಅವರಲ್ಲಿದ್ದರು. ಪಶುವೈದ್ಯರ ವಲಯದಲ್ಲಿ ದೊಡ್ಡ ಆಕ್ಷೇಪಣೆ ಎದ್ದಿತು: ಇದು ಕಾನೂನಿಗೆ ವಿರುದ್ಧ, ಇಂದು ಲಸಿಕೆ ಕೊಟ್ಟವನು ನಾಳೆ ಔಷಧಿ ಮಾರುತ್ತಾನೆ, ಎಂದು. ಆ ಆಕ್ಷೇಪಣೆ ಸುಳ್ಳಲ್ಲ. ನಮ್ಮೂರಿನ ಚೀಲದವನು ಅದಕ್ಕೆ ಸಾಕ್ಷಿ. ಆದರೂ ಸರ್ಕಾರದ ಜೀಪು ಮುಟ್ಟದ ಮಂದೆಯನ್ನು ಮುಟ್ಟಿದವರು ಆ ದನಗಾಹಿಗಳೇ. ಮಂದೆ ಯಾವ ತಿಂಗಳು ಎಲ್ಲಿ ಮೇಯುತ್ತದೆಂಬುದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ 1992ರಿಂದ ಕೆಲಸ ಹೊಸ ರೀತಿಯಲ್ಲಿ ನಡೆಯಿತು. ಆ ವೇಳೆಗೆ ರೋಗದ ಕೊನೆಯ ನೆಲೆ ದಕ್ಷಿಣದ ರಾಜ್ಯಗಳೇ ಆಗಿದ್ದವು. ಎಷ್ಟು ಲಸಿಕೆ ಹಾಕಿದಿರಿ ಎಂದು ಕೇಳುವುದನ್ನು ಬಿಟ್ಟು, ರೋಗ ಎಲ್ಲಿದೆ ಎಂದು ಊರೂರು ತಿರುಗಿ ವಿಚಾರಿಸತೊಡಗಿದರು. 1995ರಲ್ಲಿ ತಮಿಳುನಾಡಿನಲ್ಲಿ ಕಂಡದ್ದೇ ದೇಶದ ಕಡೆಯ ದೊಡ್ಡರೋಗ. ಆಮೇಲೆ ಮಾಡಿದ ಕೆಲಸಕ್ಕೆ ನಿಜವಾದ ಧೈರ್ಯ ಬೇಕಾಗಿತ್ತು: ಲಸಿಕೆಯನ್ನು ಹಂತಹಂತವಾಗಿ ನಿಲ್ಲಿಸಿದರು. ಲಸಿಕೆ ಬಿದ್ದ ದನದ ರಕ್ತವೂ ರೋಗ ಬಂದು ಹೋದ ದನದ ರಕ್ತವೂ ಪರೀಕ್ಷೆಯಲ್ಲಿ ಒಂದೇ ತೆರನಾಗಿ ಕಾಣುತ್ತಿದ್ದವಾದ್ದರಿಂದ, ರೋಗವಿಲ್ಲವೆಂದು ತೋರಿಸಲು ಸೂಜಿಯನ್ನು ಕೆಳಗಿಡಲೇಬೇಕಾಗಿತ್ತು. 2006ರಲ್ಲಿ ಭಾರತಕ್ಕೆ ಸೋಂಕಿಲ್ಲವೆಂಬ ಮಾನ್ಯತೆ ಸಿಕ್ಕಿತು. 2011ರಲ್ಲಿ ಇಡೀ ಲೋಕದಿಂದಲೇ ಅದು ತೊಲಗಿತೆಂದು ಘೋಷಿಸಿದರು. ಸಿಡುಬಿನ ತರುವಾಯ ಮನುಷ್ಯನು ಹೀಗೆ ನೆಲದಿಂದ ಅಳಿಸಿದ ರೋಗ ಇದೊಂದೇ. ಅಂದು ನಮ್ಮೂರಿನಲ್ಲಿ ಯಾರೂ ಪಾಯಸ ಮಾಡಲಿಲ್ಲ. ತಾತ ಹೋಗಿ ಬಹಳ ವರ್ಷವಾಗಿತ್ತು.

ಈಗ 1962 ಎಂಬ ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಪಶುಚಿಕಿತ್ಸೆಯ ವಾಹನ ಬರುವ ಏರ್ಪಾಡಿದೆ. ಕಾಲುಬಾಯಿ ಜ್ವರದ ವಿರುದ್ಧ 2019ರಿಂದ ದೇಶವ್ಯಾಪಿ ಲಸಿಕೆಯ ಕಾರ್ಯ ನಡೆದಿದೆ. ದನದ ಕಿವಿಗೆ 12 ಅಂಕಿಗಳ ಓಲೆ ಬಿದ್ದಿದೆ. ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಪಶುಸಖಿಯರೆಂದು ಕರೆಯುತ್ತಿದ್ದಾರೆ. ಮನುಷ್ಯರ ವೈದ್ಯಕ್ಕೆ, ಫೋನಿನಲ್ಲಿ ಯಾವ ಔಷಧ ಬರೆಯಬಹುದು, ಯಾವುದು ಕೂಡದು ಎಂಬ ಮಾರ್ಗಸೂಚಿ 2020ರ ಮಾರ್ಚಿಯಲ್ಲಿ ಬಂತು. ದನದ ವಿಷಯದಲ್ಲಿಯೂ ಅಂಥ ಸ್ಪಷ್ಟವಾದ ಮಾತು ಬೇಕು. ಆದರೆ ಸಲಹೆಯೂ ಲಸಿಕೆಯೂ ಒಂದೇ ಎಂದು ತಿಳಿಯಬಾರದು. ಸಲಹೆಯನ್ನು ಕ್ಷಣದಲ್ಲಿ ಫೋನಿನಲ್ಲಿ ಕಳುಹಿಸಬಹುದು. ಲಸಿಕೆಯನ್ನು ತಂಪಿನ ಪೆಟ್ಟಿಗೆಯೊಡನೆ ಒಬ್ಬ ಮನುಷ್ಯನೇ ಹೊತ್ತು ತರಬೇಕು. ಚೀಲದವನಂಥವರನ್ನು ಓಡಿಸಿದರೆ ಕಾಯಿದೆ ಉಳಿದೀತು, ಮಂದೆ ಉಳಿಯಲಾರದು. ಅಂಥವನಿಗೆ ಕಲಿಸಿ, ಪೆಟ್ಟಿಗೆ ಕೊಟ್ಟು, ಚುಚ್ಚಿದ್ದನ್ನು ಬರೆದಿಡುವಂತೆ ಮಾಡಿ, ಆ ಬರಹಕ್ಕೆ ಫೋನಿನ ತುದಿಯ ವೈದ್ಯನೊಬ್ಬನನ್ನು ಹೆಸರು ಹಿಡಿದು ಹೊಣೆಮಾಡಬೇಕೆಂದು ನನಗೆ ತೋರುತ್ತದೆ. ಪಶುವೈದ್ಯ ಮಿತ್ರರು ಒಪ್ಪದಿರಬಹುದು. ಅವರೊಡನೆ ವಾದಿಸಲು ನಾನು ಸಿದ್ಧ.

ಕೀರ್ತಿವರ್ಮನ ‘ಗೋವೈದ್ಯ’ದಲ್ಲಿ ಮದ್ದಿನ ಜೊತೆಗೆ ಮಂತ್ರವೂ ಬೆರೆತಿದೆಯೆಂದು ಹಿಂದಿನ ವಿದ್ವಾಂಸರು ಹೇಳಿದ್ದಾರೆ. ಇರಲಿ. ಅವನಿಗಿಂತ ನೂರು ವರ್ಷ ಹಿಂದೆ ‘ಲೋಕೋಪಕಾರ’ದ ಚಾವುಂಡರಾಯನೂ ಪಶುಚಿಕಿತ್ಸೆಯನ್ನು ಕನ್ನಡದಲ್ಲಿಯೇ ಹೇಳಿದ. ರಾಜವಂಶದವನೊಬ್ಬ ಇದನ್ನು ಸಂಸ್ಕೃತದಲ್ಲಿ ಬರೆದಿದ್ದರೆ ಪಂಡಿತರ ಮೆಚ್ಚುಗೆ ಸಿಗುತ್ತಿತ್ತು. ಕನ್ನಡದಲ್ಲಿ ಬರೆದನೆಂದರೆ, ತಾನು ಹೋಗಲಾಗದ ಕೊಟ್ಟಿಗೆಯಲ್ಲಿ ಯಾರೋ ಒಬ್ಬನು ಇದನ್ನು ಓದಿಸಿ ಕೇಳಿಯಾನು ಎಂಬ ಎಣಿಕೆ ಇದ್ದಿರಬೇಕು. ಈ ವರ್ಷ ತರಗತಿಯಲ್ಲಿ ಆ ವಾಕ್ಯ ಬಂದಾಗ ಅರ್ಧ ಗಂಟೆ ಅಲ್ಲಿಯೇ ನಿಂತೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ನಮ್ಮನೆ ಎಮ್ಮೆಗೆ ಹೋದ ವಾರ ಸೂಜಿ ಹಾಕಿದ್ರು, ಯಾವ್ದಕ್ಕೆ ಅಂತ ಹೇಳ್ಲಿಲ್ಲ” ಎಂದ. ಕೇಳಿಕೊಂಡು ಬಾ ಎಂದು ಕಳುಹಿಸಿದ್ದೇನೆ.